ಯಲಾ ಕುನ್ನಿ! ಆ ದನಿ ಹಿಂದಿನ ವಜ್ರಮುನಿ

ಮುದಗಲ್ಲಿಂದ ಮಾತಾಡಾಕತ್ತೀನಿ. ಇವತ್ತಿನ ಎಪಿಸೋಡು ಹೀರೋಂದಲ್ಲ, ವಿಲನ್‌ದು. ವಜ್ರಮುನಿ ಅವರದು.

'ಯಲಾ ಕುನ್ನಿ' ಅನ್ನೋ ರೀಲ್ಸು, ಸ್ಟಿಕರ್ ನಿಮ್ಮ ಫೋನ್‌ನಾಗೂ ಇರ್ತಾವ. 2024ರಾಗ ಅದೇ ಹೆಸರಿನ ಸಿನಿಮಾನೂ ಬಂತು. ಆದ್ರ ಹತ್ತು ಸೆಕೆಂಡಿನ ಕ್ಲಿಪ್‌ನಾಗ ನಟ ಸಿಗೋದಿಲ್ರಿ, ಬರೀ ದನಿ ಸಿಗತೈತಿ.

ಆ ದನಿ ತಯಾರಾಗಿದ್ದು ನಾಟಕದಾಗ. ವಜ್ರಮುನಿ ಬೆಂಗಳೂರಿನವರು, 1944ರಲ್ಲಿ ಹುಟ್ಟಿದವರು. ಕಣಗಾಲ್ ಪ್ರಭಾಕರ ಶಾಸ್ತ್ರಿಗಳ 'ಪ್ರಚಂಡ ರಾವಣ' ನಾಟಕದಾಗ ರಾವಣ ಆಗಿದ್ರು. ಶಾಸ್ತ್ರಿಗಳ ತಮ್ಮ ಪುಟ್ಟಣ್ಣ ಕಣಗಾಲ್ ಅವರನ್ನ 1969ರ 'ಮಲ್ಲಮ್ಮನ ಪವಾಡ'ಕ್ಕ ಕರಕೊಂಡ್ರು. ಕಡೀ ಸಾಲಿನಾಗ ಕುಂತವರಿಗೂ ಕೇಳಬೇಕು ಅಂತ ಪಳಗಿದ ಗಂಟಲು ಅದು.

ಈಗ ನಮ್ಮ ಕಡೆ ಬರ್ರಿ. 1974ರ 'ಸಂಪತ್ತಿಗೆ ಸವಾಲ್' ಅಂದ್ರ ನಮಗ ಎಮ್ಮೆ ಮೇಲೆ ಕುಂತು ಹಾಡೋ ರಾಜ್‌ಕುಮಾರ್ ನೆನಪಾಗ್ತಾರ. ಅದರ ಮೂಲ ಪಿ.ಬಿ. ಧುತ್ತರಗಿ ಅವರ ನಾಟಕ. ಅವರ ಊರು ಸೂಳೇಭಾವಿ, ಇಲ್ಲೇ ಹುನಗುಂದದ ಕಡೆ. ಅದರಾಗಿನ ಸಾಹುಕಾರ ಸಿದ್ದಪ್ಪನೇ ವಜ್ರಮುನಿ.

ನಾ ಓದಿದ್ದು ಬಿ.ಕಾಂ. ಚಕ್ರಬಡ್ಡಿ ಲೆಕ್ಕ ಕಾಲೇಜಿನಾಗ ಕಲ್ತೆ. ಆದ್ರ ಸಾಲ ಕೊಟ್ಟವ ಸಾಲ ತಗೊಂಡವನ್ನ ಹೆಂಗ ನೋಡ್ತಾನ ಅನ್ನೋದನ್ನ ಯಾವ ಬುಕ್ಕೂ ಹೇಳಲಿಲ್ಲ, ಸಿದ್ದಪ್ಪನ ಕಣ್ಣು ಹೇಳಿದ್ವು. ಅವ ರಾಕ್ಷಸ ಅಲ್ಲ, ಊರಾಗಿನ ಮನುಷ್ಯ. ಅದಕ್ಕ ಅಂಜಿಕಿ ಬರ್ತೈತಿ. ಮುಂದಿನ ವರ್ಷ 'ಮಯೂರ'ದಾಗ ಅದೇ ನಟ ಪಲ್ಲವರ ಕಡೆಯ ಖಳ. ಸಾಲದ ಪತ್ರ ಹಿಡಿದ ಕೈಯಾಗ ಈಗ ಕತ್ತಿ.

ಇಂಗ್ಲೆಂಡಿನಾಗ ಕ್ರಿಸ್ಟೋಫರ್ ಲೀ ಇದ್ರಲ್ಲ, 1958ರ ಡ್ರಾಕುಲಾ? ನಿಮಗ 'ಲಾರ್ಡ್ ಆಫ್ ದಿ ರಿಂಗ್ಸ್' ಸಾರುಮಾನ್ ಅಂದ್ರ ಗೊತ್ತಾಗತೈತಿ. ಅವರ ಪಾತ್ರಗಳ ಮ್ಯಾಲ ಪುಸ್ತಕ, ಸಂದರ್ಶನ ಅದಾವ. 2006ರ ಜನವರಿ 5ಕ್ಕ ತೀರಿಕೊಂಡ ವಜ್ರಮುನಿ ಬಗ್ಗೆ ನಮ್ಮ ಕೈಯಾಗ ಹೆಚ್ಚಿಗಿ ಇರೋದು ಮೀಮ್ಸು.

ಅದಕ್ಕ ಒಂದು ಕೆಲಸ ಮಾಡ್ರಿ. 'ಸಂಪತ್ತಿಗೆ ಸವಾಲ್' ಪೂರ್ತಿ ನೋಡ್ರಿ, ಓಡಿಸಬ್ಯಾಡ್ರಿ. ಜಾತ್ರ್ಯಾಗ ಈ ನಾಟಕ ನೋಡಿದ ಅಜ್ಜ, ಅಮ್ಮ ಮನ್ಯಾಗ ಇದ್ರ, ಅವರೂರ ಸಿದ್ದಪ್ಪನ ಪಾತ್ರ ಯಾರು ಮಾಡ್ತಿದ್ರು ಅಂತ ಕೇಳಿ ಫೋನ್‌ನಾಗ ರೆಕಾರ್ಡ್ ಮಾಡ್ಕೊಳ್ರಿ. ಅವರು ಇರೋತನಾ ಅಷ್ಟೇ ಆ ಕತಿ. ನನಗೂ ಕಳಸ್ರಿ. ಮತ್ತ ಸಿಗೋಣು.