ನೀರು, ಗಾಳಿಯ ಭಾರಕ್ಕೆ ಓಲಾಡುವ ಭೂಮಿ

ಊರಿನ ಅಕ್ಷಾಂಶ ಬದಲಾಗುತ್ತದೆ ಎಂದರೆ ಕೇಳಿದವರಿಗೆ ಅಚ್ಚರಿಯಾಗುವುದು ಸಹಜ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಸಂಖ್ಯೆ ಅದು. ಆದರೆ 1880ರ ದಶಕದಲ್ಲಿ ಬರ್ಲಿನ್ನಿನ ಖಗೋಳಜ್ಞ ಫ್ರೀಡ್ರಿಖ್ ಕ್ಯುಸ್ಟ್ನರ್ ನಕ್ಷತ್ರಗಳ ಬೇರೊಂದು ಅಳತೆಯಲ್ಲಿ ತೊಡಗಿದ್ದಾಗ ತಮ್ಮ ವೀಕ್ಷಣಾಲಯದ ಅಕ್ಷಾಂಶವೇ ಚೂರು ಸರಿದಿದ್ದನ್ನು ಕಂಡರು. ಅದನ್ನು ಪರೀಕ್ಷಿಸಲು 1891ರಲ್ಲಿ ಒಂದು ತಂಡ ಭೂಗೋಳದ ಆಚೆ ಮಗ್ಗುಲಿನ ಹವಾಯಿಗೆ ಹೋಯಿತು. ಬರ್ಲಿನ್ನಿನಲ್ಲಿ ಅಕ್ಷಾಂಶ ಏರಿದಾಗ ಅಲ್ಲಿ ಇಳಿಯುತ್ತಿತ್ತು. ತಿರುಗುವ ಅಕ್ಷದ ಮೇಲೆ ಭೂಮಿಯ ಒಡಲೇ ಓಲಾಡುತ್ತಿತ್ತು!

ಅದೇ ವರ್ಷ ಅಮೆರಿಕದ ಸೆತ್ ಚಾಂಡ್ಲರ್ ಈ ಓಲಾಟದ ಅವಧಿಯನ್ನು ಹಿಡಿದರು. ವಿಮಾ ಲೆಕ್ಕಾಚಾರ ಅವರ ಹೊಟ್ಟೆಪಾಡು, ಆಕಾಶ ಅವರ ಹಂಬಲ. ಭೂಮಿ ಗಟ್ಟಿ ಗುಂಡಾಗಿದ್ದರೆ ಅವಧಿ ಸುಮಾರು ಹತ್ತು ತಿಂಗಳು ಎಂದು ಮಹಾಗಣಿತಜ್ಞ ಆಯ್ಲರ್ ಎಂದೋ ಲೆಕ್ಕ ಹಾಕಿದ್ದರು. ಚಾಂಡ್ಲರ್‌ಗೆ ಸಿಕ್ಕಿದ್ದು ಹದಿನಾಲ್ಕು ತಿಂಗಳು. ದೊಡ್ಡ ಹೆಸರಿಗೆ ಬಾಗದೆ ಅವರು ಅಂಕಿಗಳನ್ನೇ ನಂಬಿದರು. ಈ ಕಥೆಯಲ್ಲಿ ಎಲ್ಲಕ್ಕಿಂತ ಮೆಚ್ಚುವಂಥದ್ದು ಅದೇ. ಭೂಮಿ ಕೊಂಚ ಬಾಗುತ್ತದೆ, ಸಾಗರವೂ ಅದರೊಂದಿಗೆ ಹೊಯ್ದಾಡುತ್ತದೆ, ಅವಧಿ ಹಿಗ್ಗುವುದು ಅದರಿಂದಲೇ ಎಂದು ಖಗೋಳಜ್ಞ ಸೈಮನ್ ನ್ಯೂಕಂಬ್ ಬೇಗನೆ ವಿವರಿಸಿದರು.

ಇದರ ಜೊತೆಗೆ ವರ್ಷಕ್ಕೊಂದು ಸುತ್ತಿನ ಓಲಾಟವೂ ಇದೆ. ಚಳಿಗಾಲದಲ್ಲಿ ಸೈಬೀರಿಯದ ಮೇಲೆ ತಣ್ಣನೆಯ ಭಾರದ ಗಾಳಿ ಕವಿದು ಕೂರುತ್ತದೆ. ಬೇಸಿಗೆ ಬಂದರೆ ಏಷ್ಯಾದ ನೆಲ ಕಾದು ಒತ್ತಡ ಕುಸಿಯುತ್ತದೆ. ನಮ್ಮ ಮುಂಗಾರನ್ನು ಎಳೆದು ತರುವುದರಲ್ಲಿ ಕೈಯಿರುವ ಈ ಏರಿಳಿತವೇ ಧ್ರುವವನ್ನೂ, ಅಂದರೆ ಅಕ್ಷ ನೆಲವನ್ನು ಸೇರುವ ಬಿಂದುವನ್ನೂ, ಅಲುಗಿಸುತ್ತದೆ. ಎರಡು ಓಲಾಟಗಳೂ ಒಟ್ಟುಗೂಡಿದಾಗ ಧ್ರುವ ಬರೆಯುವ ಸುತ್ತು ಹತ್ತು ಮೀಟರಿಗೂ ಅಗಲವಾಗುತ್ತದೆ.

ಒಂದು ಒಗಟು ಮಾತ್ರ ಬಹುಕಾಲ ಕಾಡಿತು. ತಾನಾಗಿ ಬಿಟ್ಟರೆ ಚಾಂಡ್ಲರ್ ಓಲಾಟ ಕೆಲವೇ ದಶಕಗಳಲ್ಲಿ ಅಡಗಬೇಕು. ಅದನ್ನು ತಳ್ಳುತ್ತಿರುವವರು ಯಾರು? 2000ದಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ರಿಚರ್ಡ್ ಗ್ರಾಸ್ ಉತ್ತರ ಕೊಟ್ಟರು: ಮೂರರಲ್ಲಿ ಎರಡು ಪಾಲು ಸಮುದ್ರತಳದ ಮೇಲಿನ ನೀರಿನ ಒತ್ತಡದ ಏರುಪೇರು, ಉಳಿದದ್ದು ವಾಯುಮಂಡಲದ್ದು. ಗಾಳಿಯು ಸಾಗರದ ಪ್ರವಾಹಗಳನ್ನು ತಿರುಗಿಸಿದಂತೆ, ನೀರಿನ ಉಪ್ಪು, ಶಾಖ ಬದಲಾದಂತೆ ತಳದ ಮೇಲಿನ ಭಾರವೂ ಬದಲಾಗುತ್ತದೆ.

ಓಲಾಟದ ನಡುವೆ ಧ್ರುವ ನಿಧಾನವಾಗಿ ಸರಿಯುವುದೂ ಉಂಟು. ಅದರಲ್ಲಿ ಮನುಷ್ಯನ ಕೈವಾಡವಿದೆ. 1993ರಿಂದ 2010ರವರೆಗೆ ಜಗತ್ತು ಸುಮಾರು 2.15 ಲಕ್ಷ ಕೋಟಿ ಟನ್ ಅಂತರ್ಜಲ ಎತ್ತಿದ್ದರಿಂದ ಧ್ರುವ ಸುಮಾರು 80 ಸೆಂಟಿಮೀಟರ್ ಪೂರ್ವಕ್ಕೆ ಜರುಗಿತೆಂದು ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಕೀ-ವ್ಯೋನ್ ಸೊ ಮತ್ತು ಸಂಗಡಿಗರು 2023ರಲ್ಲಿ ಲೆಕ್ಕ ತೋರಿಸಿದರು. ಹೆಚ್ಚು ಪರಿಣಾಮ ಬೀರಿದ ಜಾಗಗಳಲ್ಲಿ ವಾಯವ್ಯ ಭಾರತವೂ ಒಂದು. ಪಂಜಾಬ್, ಹರಿಯಾಣಗಳ ಕೊಳವೆಬಾವಿಗಳಿಂದ ಮೇಲೆ ಬಂದ ನೀರು ಗದ್ದೆಗೆ ಹರಿದು, ಆವಿಯಾಗಿ, ಮಳೆಯಾಗಿ, ಹೊಳೆ ಸೇರಿ, ಬಹುಪಾಲು ಕೊನೆಗೆ ಕಡಲಿಗೆ ಇಳಿಯುತ್ತದೆ. ಒಂದೆಡೆ ಆಳದಲ್ಲಿ ಕೂತಿದ್ದ ಭಾರ ಎಲ್ಲ ಸಾಗರಗಳಿಗೂ ಹಂಚಿಹೋಗುತ್ತದೆ.