ಓಡೋದು ಸುಲಭ, ವಾಪಸ್ ಬರೋದು ಕಷ್ಟ

ವಿಶಾಖಪಟ್ಟಣ, ವಿಜಯವಾಡದಲ್ಲಿರೋ ನಾವು ಕನ್ನಡದ ಐಟಿ ಮಂದಿ ಭಾನುವಾರ ಸೇರಿದ್ರೆ ಎರಡೇ ಮಾತು: ಊರಿಗೆ ಹೋಗೋ ರೈಲು, ಇಲ್ಲಾಂದ್ರೆ ಆಟ. ಇವತ್ತು ಆಟ.

ವೈಜಾಗ್‌ನಲ್ಲಿ ತೆಲುಗು ಟೈಟನ್ಸ್ ಪಂದ್ಯ ನೋಡಿದವರಿಗೆ ಕಬಡ್ಡಿಯ ಈ ನಿಯಮ ಗೊತ್ತು. ರೈಡ್‌ಗೆ 30 ಸೆಕೆಂಡ್. ಎರಡು ರೈಡ್ ಸತತವಾಗಿ ಖಾಲಿ ಹೋದ್ರೆ ಮೂರನೇದ್ರಲ್ಲಿ ಅಂಕ ತರಲೇಬೇಕು, ಇಲ್ಲಾಂದ್ರೆ ರೈಡರ್ ಔಟ್. ಸುಮ್ನೆ ಕಾಲ ಕಳೆಯೋಕೆ ಬಿಡಲ್ಲ.

ಬಾಸ್ಕೆಟ್‌ಬಾಲ್‌ಗೂ ಇದೇ ರೋಗ ಬಂದಿತ್ತು. 1950ರ ನವೆಂಬರ್ 22ರಂದು ಎನ್‌ಬಿಎ ಪಂದ್ಯವೊಂದರಲ್ಲಿ ಫೋರ್ಟ್ ವೇನ್ ತಂಡ ಚೆಂಡನ್ನು ಹಿಡ್ಕೊಂಡೇ ನಿಂತು, ಮಿನಿಯಾಪೊಲಿಸ್ ಲೇಕರ್ಸ್‌ನ ಸೋಲಿಸಿತು. ಇಡೀ ಪಂದ್ಯದ ಸ್ಕೋರು 19–18! 1954ರಲ್ಲಿ 24 ಸೆಕೆಂಡಿನ ಶಾಟ್ ಕ್ಲಾಕ್ ಬಂತು.

ಹಾಗಾದ್ರೆ ವೇಗ ಮೇಲಾ, ರಕ್ಷಣೆ ಮೇಲಾ? 2004–05ರಲ್ಲಿ ಮೈಕ್ ಡಿ'ಆಂಟೋನಿ ಕೋಚ್ ಆಗಿದ್ದ ಫೀನಿಕ್ಸ್ ಸನ್ಸ್, ಸ್ಟೀವ್ ನ್ಯಾಶ್ ಜೊತೆ ಓಡಿ ಓಡಿ 62 ಪಂದ್ಯ ಗೆದ್ದಿತು. ಹಿಂದಿನ ವರ್ಷ ಗೆದ್ದಿದ್ದು ಬರೀ 29. ಪ್ಲೇ-ಆಫ್‌ನಲ್ಲಿ ಎದುರಾಗಿದ್ದು ಸ್ಯಾನ್ ಆಂಟೋನಿಯೊ ಸ್ಪರ್ಸ್, ಎದುರಾಳಿಗೆ ಸರಾಸರಿ 90 ಅಂಕಾನೂ ಬಿಟ್ಟುಕೊಡದ ತಂಡ. ಸ್ಪರ್ಸ್ 4–1ರಲ್ಲಿ ಗೆದ್ದಿತು. ಮೊದಲ ಎರಡು ಪಂದ್ಯಕ್ಕೆ ಸನ್ಸ್‌ನ ಜೋ ಜಾನ್ಸನ್ ಗಾಯದಿಂದ ಇರಲಿಲ್ಲ ಅನ್ನೋದೂ ನಿಜ.

"ನೋಡಿ, ರಕ್ಷಣೆನೇ ಗೆಲ್ಲೋದು" ಅಂತೀರಾ? ಸ್ವಲ್ಪ ತಡೀರಿ. ಮೊದಲ ಪಂದ್ಯದ ಸ್ಕೋರು 121–114. ಅಂದ್ರೆ ಸ್ಪರ್ಸ್ ಸನ್ಸ್‌ನ ವೇಗದಲ್ಲೇ ಆಡಿ ಗೆದ್ದಿದ್ದು. ಅವರಿಗೆ ಓಡೋಕೂ ಬರ್ತಿತ್ತು, ಶಾಟ್ ತಪ್ಪಿದ ಕೂಡ್ಲೇ ತಿರುಗಿ ಬಂದು ತಮ್ಮ ಬುಟ್ಟಿ ಕಾಯೋಕೂ ಬರ್ತಿತ್ತು.

ಇದು ನನಗೆ ಅರ್ಥ ಆಗಿದ್ದು ಕೋರ್ಟ್‌ನಲ್ಲಲ್ಲ, ಕೆಲಸದಲ್ಲಿ. ಹಿಂದೆ ಒಂದು ತಂಡಕ್ಕೆ ನಾನು ಲೀಡ್ ಆಗಿದ್ದೆ. ವಾರಕ್ಕೆರಡು ರಿಲೀಸ್, ಅದೇ ನನ್ನ ಹೆಮ್ಮೆ. ಏನಾದ್ರೂ ಕೆಟ್ಟರೆ ಹಿಂದೆ ನಿಲ್ಲೋದು ಯಾರು ಅಂತ ಬರೆದಿಟ್ಟಿರಲಿಲ್ಲ. ಒಂದು ರಾತ್ರಿ ಸರ್ವರ್ ಕುಸಿಯಿತು. ನನ್ನ ಫೋನು ಸೈಲೆಂಟ್‌ನಲ್ಲಿತ್ತು. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದ ಹುಡುಗ ಒಬ್ಬನೇ ಬೆಳಗಿನ ಜಾವದವರೆಗೂ ಒದ್ದಾಡಿದ. ಬೆಳಿಗ್ಗೆ ಮೀಟಿಂಗ್‌ನಲ್ಲಿ ಪ್ರಶ್ನೆಗಳೆಲ್ಲ ಅವನಿಗೇ ಬಂದವು. ನಾನು ಬಾಯಿ ಬಿಡಲಿಲ್ಲ. ಮುಂದಿನ ತಿಂಗಳು ಅವನು ರಾಜೀನಾಮೆ ಕೊಟ್ಟ. ಹೋಗುವಾಗ "ಪರವಾಗಿಲ್ಲ ಸರ್" ಅಂದ. ಆ ಮಾತು ಇನ್ನೂ ಚುಚ್ಚುತ್ತೆ.

ಈಗಲೂ ನಮ್ಮ ರಿಲೀಸ್ ವಾರಕ್ಕೆರಡೇ. ವೇಗದ ತಪ್ಪೇನಿರಲಿಲ್ಲ. ಬೋರ್ಡ್ ಮೇಲೆ ಒಂದು ಸಾಲು ಸೇರಿದೆ ಅಷ್ಟೇ: "ಇವತ್ತು ವಾಪಸ್ ಓಡೋದು ಯಾರು?" ತಿಂಗಳ ಮೊದಲ ವಾರ ಅಲ್ಲಿ ಇರೋದು ನನ್ನ ಹೆಸರು.

ನಾಳೆ ಆಫೀಸಿಗೆ ಹೋದಾಗ ನಿಮ್ಮ ತಂಡದಲ್ಲೂ ಕೇಳಿ ನೋಡಿ. ಯಾರೂ ಉತ್ತರ ಕೊಡದಿದ್ರೆ, ಆ ಕೆಲಸ ಈಗಾಗಲೇ ಯಾರೋ ಒಬ್ಬ ಚಿಕ್ಕ ಹುಡುಗ ಮಾಡ್ತಿದ್ದಾನೆ ಅಂತ ತಿಳ್ಕೊಳ್ಳಿ.