ಅಕ್ಷರದ ಅಂದ, ಪದದ ಅರ್ಥ



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳನ್ನು ಪರಿಚಯಿಸುವ ವೆಬ್ ಪುಟವೊಂದನ್ನು ನೀವು ಬರೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಅದನ್ನು ಎಲ್ಲರೂ ಕಣ್ಣಿನಿಂದಲೇ ಓದುವುದಿಲ್ಲ. ದೃಷ್ಟಿಯಿಲ್ಲದ ನಿಮ್ಮ ಸಹಪಾಠಿ ಕಂಪ್ಯೂಟರಿನ ದನಿಯಲ್ಲಿ ಕೇಳುತ್ತಾನೆ. ಅಕ್ಷರ ದಪ್ಪಗಿದೆ, ಓರೆಯಾಗಿದೆ ಎಂಬುದರಿಂದ ಅವನಿಗೇನು ಪ್ರಯೋಜನ? ಪದದ ಅರ್ಥವನ್ನು ಯಂತ್ರಕ್ಕೆ ತಿಳಿಸಬೇಕು. ಅದಕ್ಕಾಗಿಯೇ ಎಚ್‌ಟಿಎಂಎಲ್‌ನಲ್ಲಿ ವಾಕ್ಯದೊಳಗೆ ಬಳಸುವ ಟ್ಯಾಗ್‌ಗಳಿವೆ.

ಹಿರೇಕೆರೂರಿನ ಹೆಸರಿನಲ್ಲೇ ಕೆರೆಯಿದೆ. ಕೆರೆಯ ಬಗ್ಗೆ ಬರೆಯುವಾಗ ‘ಆಳವಿದೆ, ಇಳಿಯಬೇಡಿ’ ಎಂಬ ಎಚ್ಚರಿಕೆ ಬಂದರೆ ಅದಕ್ಕೆ ‘ಸ್ಟ್ರಾಂಗ್’ ಟ್ಯಾಗ್ ಹಾಕಿ. ಅದು ಮಹತ್ವದ ಗುರುತು. ‘ತಾರಕೇಶ್ವರ ಗುಡಿ ಇರುವುದು ಹಾನಗಲ್ಲದಲ್ಲಿ, ಹಾವೇರಿಯಲ್ಲಲ್ಲ’ ಎಂದು ಒತ್ತಿ ಹೇಳುವ ಪದಕ್ಕೆ ‘ಎಮ್’ ಟ್ಯಾಗ್. ಕನ್ನಡದಲ್ಲಿ ‘ಹಾನಗಲ್ಲದಲ್ಲೇ’ ಎಂದರೆ ಒತ್ತು ತಾನಾಗಿಯೇ ಬರುತ್ತದೆ. ಆಗ ಟ್ಯಾಗ್ ಬೇಡ. ಓರೆ ಮಾಡಿದ ಕನ್ನಡ ಅಕ್ಷರ ಓದಲು ಕಷ್ಟವೆನಿಸಿದರೆ ಸಿಎಸ್‌ಎಸ್‌ನಿಂದ ‘ಎಮ್’ನ ರೂಪವನ್ನು ಬದಲಿಸಿ. ಅರ್ಥ ಟ್ಯಾಗ್‌ನಲ್ಲಿರಲಿ, ಅಂದ ಸಿಎಸ್‌ಎಸ್‌ನಲ್ಲಿರಲಿ.

ಶಿಗ್ಗಾಂವಿ ತಾಲ್ಲೂಕಿನ ಬಾಡ ಗ್ರಾಮ ಕನಕದಾಸರ ಜನ್ಮಸ್ಥಳ. ಅವರ ‘ರಾಮಧಾನ್ಯ ಚರಿತೆ’ಗೆ ‘ಸೈಟ್’ ಟ್ಯಾಗ್ ಸರಿ. ಅದು ಕೃತಿಯ ಹೆಸರು. ಕನಕದಾಸರ ಹೆಸರಿಗೆ ಅದು ಸಲ್ಲದು.

ವಿ. ಕೃ. ಗೋಕಾಕರು ಸವಣೂರಿನಲ್ಲಿ ಹುಟ್ಟಿದ್ದು 1909ರ ಆಗಸ್ಟ್ 9ರಂದು. 9-8-1909 ಎಂದು ಬರೆದರೆ ಅಮೆರಿಕದ ಓದುಗ ಸೆಪ್ಟೆಂಬರ್ 8 ಎಂದುಕೊಂಡಾನು. ‘ಟೈಮ್’ ಟ್ಯಾಗ್‌ನೊಳಗೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 1909-08-09 ಎಂದು ಕೊಟ್ಟರೆ ಯಂತ್ರಕ್ಕೆ ಗೊಂದಲವಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಭಾಷೆಯ ಗುರುತು, ಅಂದರೆ ‘ಲ್ಯಾಂಗ್’. ಕನ್ನಡ ಪುಟಕ್ಕೆ ‘ಕೆಎನ್’ ಎಂದು ಮೊದಲೇ ಸಾರಿ. ಇಂಗ್ಲಿಷ್ ಪುಟದ ಮಾದರಿಯನ್ನು ನಕಲು ಮಾಡಿ ‘ಇಎನ್’ ಎಂದೇ ಬಿಟ್ಟರೆ ಓದುವ ತಂತ್ರಾಂಶ ಕನ್ನಡಕ್ಕೆ ತಪ್ಪು ದನಿಯನ್ನು ಆರಿಸಬಹುದು. ಸವಣೂರಿನ ದೊಡ್ಡಹುಣಸೆ ಮಠದಲ್ಲಿ ಬೃಹತ್ ಮರಗಳಿವೆಯಲ್ಲ, ಅವುಗಳ ಸಸ್ಯಶಾಸ್ತ್ರೀಯ ಹೆಸರು ಅಡನ್ಸೋನಿಯಾ ಡಿಜಿಟೇಟಾ. ಈ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದಾಗ ‘ಐ’ ಟ್ಯಾಗ್ ಹಾಕಿ, ಭಾಷೆ ಲ್ಯಾಟಿನ್ ಎಂದು ತಿಳಿಸಿ.

ಒಂದು ಎಚ್ಚರಿಕೆ: ಓದುವ ತಂತ್ರಾಂಶಗಳು ‘ಎಮ್’, ‘ಸ್ಟ್ರಾಂಗ್’ಗಳನ್ನು ಸಾಮಾನ್ಯವಾಗಿ ದನಿಯಲ್ಲಿ ಸೂಚಿಸುವುದಿಲ್ಲ. ಆದ್ದರಿಂದ ‘ಎಚ್ಚರಿಕೆ’ ಎಂಬ ಪದವನ್ನೇ ವಾಕ್ಯದಲ್ಲಿ ಬರೆಯಿರಿ. ಟ್ಯಾಗ್ ಒಳ್ಳೆಯ ವಾಕ್ಯಕ್ಕೆ ನೆರವು, ಬದಲಿ ಅಲ್ಲ.

ಪುಟ ಸಿದ್ಧವಾದ ಮೇಲೆ ಉಚಿತವಾಗಿ ಸಿಗುವ ಎನ್‌ವಿಡಿಎ ತಂತ್ರಾಂಶವನ್ನು ಹಾಕಿಕೊಳ್ಳಿ. ಪರದೆಯನ್ನು ಆರಿಸಿ, ನಿಮ್ಮೂರ ಕಥೆಯನ್ನು ಒಮ್ಮೆ ಕಿವಿಯಿಂದ ಓದಿ ನೋಡಿ.